ಊರಿನ ಪಟ್ಟಿಯಲ್ಲಿ ಮಗಳ ಹೆಸರು

ಚೀನಾದ ಹಳ್ಳಿ ಹೆಂಗಸರ ಬಗ್ಗೆ ಯಾರಾದರೂ ಮಾತೆತ್ತಿದರೆ ನನ್ನ ತಲೆಗೆ ಮೊದಲು ಬರುವುದು ಒಂದು ನೋಟಿಸ್ ಬೋರ್ಡು. ಟೈಲ್ಸ್ ವ್ಯಾಪಾರದ ಮಂದಿಗೆ ಫೋಶಾನ್ ಗೊತ್ತೇ ಇರುತ್ತದೆ. ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಗುವಾಂಗ್‌ಝೌ ನಗರಕ್ಕೆ ಅಂಟಿಕೊಂಡಂತೆ ಇರುವ ಊರು. ನಮ್ಮ ಕಂಪನಿ ಅಲ್ಲಿಂದ ಮಾಲು ತರಿಸುತ್ತಿತ್ತು, ಕಂಟೇನರ್ ತುಂಬುವ ಮೊದಲು ಮಾಲು ನೋಡಿ ಒಪ್ಪಿಗೆ ಕೊಡುವುದು ನನ್ನ ಕೆಲಸ. ಬೀಜಿಂಗ್ ಒಲಿಂಪಿಕ್ಸ್ ಇನ್ನೂ ಆಗಿರದ ಕಾಲ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಹೆಂಗಸು ನನಗಿಂತ ಸುಮಾರು ದೊಡ್ಡವರು. ಅಲ್ಲಿನವರಂತೆ ನಾನೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಒಂದು ಭಾನುವಾರ, ಹೋಟೆಲ್ ರೂಮಿನಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀಯಾ ಬಾ ಅಂತ ತಮ್ಮ ತವರಿಗೆ ಕರೆದುಕೊಂಡು ಹೋದರು.

ಫೋಶಾನ್‌ಗೇ ಸೇರಿದ ನಾನ್‌ಹಾಯ್ ಜಿಲ್ಲೆಯ ಕಡೆಯ ಊರು. ಹಳ್ಳಿ ಅಂತ ಹೆಸರಿಗಷ್ಟೇ. ಹೊಲ ಗದ್ದೆ ಒಂದೂ ಕಾಣಲಿಲ್ಲ. ತಗಡಿನ ಶೆಡ್ಡುಗಳು, ಅವುಗಳ ಮಧ್ಯೆ ಐದೈದು ಅಂತಸ್ತಿನ ಮನೆಗಳು, ಒಂದು ಮೀನಿನ ಹೊಂಡ, ಒಂದು ದೊಡ್ಡ ಆಲದ ಮರ, ಅದರ ಎದುರು ಹೊಸದಾಗಿ ರಿಪೇರಿ ಮಾಡಿಸಿದ ಕುಲದ ಗುಡಿ. ಸತ್ತ ಹಿರಿಯರ ಹೆಸರಿನ ಹಲಗೆಗಳನ್ನು ಇಟ್ಟು ಪೂಜಿಸುವ ಜಾಗ ಅದು. ಗುಡಿಯ ಪಕ್ಕದ ಗೋಡೆಗೆ ಗಾಜಿನ ಬಾಗಿಲಿನ ನೋಟಿಸ್ ಬೋರ್ಡು. ಊರಿನ ಜಮೀನೆಲ್ಲ ಒಟ್ಟುಗೂಡಿಸಿ, ಶೆಡ್ ಕಟ್ಟಿಸಿ, ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ವರ್ಷದ ಕೊನೆಗೆ ಬಂದ ದುಡ್ಡನ್ನು ಊರಿನವರು ಪಾಲು ಹಾಕಿಕೊಳ್ಳುತ್ತಾರೆ. 1990ರ ದಶಕದ ಮೊದಲಿಂದ ನಾನ್‌ಹಾಯ್‌ನಲ್ಲಿ ಊರೂರಲ್ಲೂ ಬಂದ ಪದ್ಧತಿ ಇದು. ಬೋರ್ಡಿನ ಮೇಲೆ ಪಾಲುದಾರರ ಪಟ್ಟಿ, ಯಾರಿಗೆ ಎಷ್ಟು ಪಾಲು, ಎಷ್ಟು ದುಡ್ಡು. ಅಕ್ಕ ಬೆರಳಿಟ್ಟು ತೋರಿಸುತ್ತಾ ಹೋದರು. ಇದು ಅಪ್ಪ. ಇದು ಅಮ್ಮ. ಇದು ತಮ್ಮ. ಇದು ತಮ್ಮನ ಹೆಂಡತಿ, ಪಕ್ಕದ ಗುವಾಂಗ್‌ಶಿಯವಳು, ಮದುವೆಯಾಗಿ ಬಂದಳು. ಇದು ಅವರ ಮಗು. ಅಲ್ಲಿಗೆ ಮನೆ ಮುಗಿಯಿತು. ನಿಮ್ಮ ಹೆಸರೆಲ್ಲಿ ಅಂತ ಕೇಳಿದೆ. ಮದುವೆಯಾದ ಮುಂದಿನ ವರ್ಷ ತೆಗೆದರು ಅಂದರು, ಇನ್ವಾಯ್ಸಿನಲ್ಲಿ ಒಂದು ಸಾಲು ಹೊಡೆದು ಹಾಕಿದ್ದನ್ನು ಹೇಳುವ ಹಾಗೆ.

ಆಲದ ಮರದ ಕೆಳಗೆ ಚಹಾ ಕುಡಿಯುತ್ತಾ ಕೂತಿದ್ದ ಮುದುಕರೊಬ್ಬರು, ಸಂಬಂಧದಲ್ಲಿ ಅಕ್ಕನಿಗೆ ದೊಡ್ಡಪ್ಪ ಆಗಬೇಕು, ನನ್ನ ಮುಖ ನೋಡಿ ತಾವೇ ವಿವರಿಸಲು ಶುರು ಮಾಡಿದರು. ಮಗಳು ಅಂದಮೇಲೆ ಗಂಡನ ಊರಲ್ಲಿ ಪಾಲು ಸಿಗುತ್ತದೆ, ಎರಡೂ ಕಡೆ ತಿನ್ನೋಕಾಗುತ್ತಾ? ಗಂಡ ಸಿಚುವಾನ್‌ನವರು, ಕೂಲಿಗೆ ಅಂತ ಇಲ್ಲಿಗೆ ಬಂದವರು, ಆ ಬೆಟ್ಟದ ಊರಲ್ಲಿ ಹಂಚುವುದಕ್ಕೆ ಜಮೀನೂ ಇಲ್ಲ ದುಡ್ಡೂ ಇಲ್ಲ ಅಂತ ಅಕ್ಕ ಹೇಳಿದರು. 'ಅವನನ್ನೇ ಮಾಡಿಕೋ ಅಂತ ನಾವು ಹೇಳಿದ್ವಾ?' ಅಂದರು ದೊಡ್ಡಪ್ಪ. ಮಾತಿನಲ್ಲಿ ಸಿಟ್ಟಿರಲಿಲ್ಲ. ಚಹಾ ಬಗ್ಗಿಸಿ ಕೊಟ್ಟರು. ಒಬ್ಬಳಿಗೆ ಕೊಟ್ಟರೆ ಹೊರಗೆ ಮದುವೆಯಾದ ಎಲ್ಲರೂ ಬರುತ್ತಾರೆ, ಅವರ ಗಂಡಂದಿರು ಬರುತ್ತಾರೆ, ಮಕ್ಕಳು ಬರುತ್ತಾರೆ, ಕೊನೆಗೆ ಊರಿನವರಿಗೆ ಏನು ಉಳಿಯುತ್ತದೆ ಅಂತ ಕೇಳಿದರು. ಊರಿನವರು ಅಂದರೆ ಯಾರು ಅನ್ನುವ ಪ್ರಶ್ನೆಗೆ ಅವರ ಹತ್ತಿರ ಉತ್ತರ ಮೊದಲೇ ಇತ್ತು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತ ನಮ್ಮ ಗಾದೆ. ಕೊಟ್ಟ ಮಗಳು ಚೆಲ್ಲಿದ ನೀರು ಅಂತ ಅವರ ಗಾದೆ. ಇದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ. ತಲೆಯಲ್ಲಿ ಉಳಿದುಕೊಂಡದ್ದು ಬೇರೆ. ಹತ್ತಾರು ವರ್ಷ ಗಂಡು ಹೆಣ್ಣು ಸಮ ಅಂತ ಗೋಡೆಗೋಡೆಯ ಮೇಲೆ ಬರೆಸಿದ ದೇಶ ಇದು, ಖಾಸಗಿ ಜಮೀನೇ ಇಲ್ಲದ ದೇಶ. ಆಸ್ತಿಯೇ ಇಲ್ಲದಮೇಲೆ ಮಗನಿಗೆ ಮಗಳಿಗೆ ಅಂತ ಭೇದ ಎಲ್ಲಿಂದ ಬರಬೇಕು? ಬಂದಿತ್ತು. ಜಮೀನು ಊರಿನದು ಅಂತಾದಾಗ ಮಗಳನ್ನು ಹೊರಗಿಡಲು ಅಪ್ಪ ವಿಲ್ ಬರೆಯಬೇಕಾಗಿಲ್ಲ, ಊರಿನ ಸಭೆ ಕೈ ಎತ್ತಿದರೆ ಸಾಕು.

ಹತ್ತು ಅಂಕ, ಐದು ಅಂಕ

ಶುರುವಾಗಿದ್ದು ಚೆನ್ನಾಗಿಯೇ. 1950ರ ಮದುವೆ ಕಾನೂನು ಬಾಲ್ಯವಿವಾಹ, ಎರಡನೇ ಹೆಂಡತಿ, ಹೆಣ್ಣು ಕೊಡುವುದಕ್ಕೆ ದುಡ್ಡು ಕೀಳುವುದು, ಎಲ್ಲವನ್ನೂ ನಿಷೇಧ ಮಾಡಿತು. ಅದೇ ವರ್ಷದ ಭೂಸುಧಾರಣೆಯಲ್ಲಿ ತಲೆ ಲೆಕ್ಕದಲ್ಲಿ ಜಮೀನು ಹಂಚಿದರು, ಹೆಂಗಸರ ತಲೆಯನ್ನೂ ಸೇರಿಸಿ. ಆಗಿನ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಕೆಲವೇ ವರ್ಷದಲ್ಲಿ ಜಮೀನೆಲ್ಲ ಸಾಮೂಹಿಕವಾಯಿತು, ಹೆಂಗಸರು ಹೊಲದ ಕೆಲಸಕ್ಕೆ ಇಳಿದರು, ದಿನದ ಕೊನೆಗೆ ಪುಸ್ತಕದಲ್ಲಿ ಅಂಕ ಬರೆಯುತ್ತಿದ್ದರು, ಆ ಅಂಕದ ಲೆಕ್ಕದಲ್ಲೇ ದವಸ, ದುಡ್ಡು. ಗಂಡಾಳಿಗೆ ಹತ್ತು ಅಂಕ. ಹೆಣ್ಣಾಳಿಗೆ ಏಳು, ಎಂಟು, ಕೆಲವು ಕಡೆ ಐದೇ.

ಶಾನ್‌ಶಿ ಪ್ರಾಂತ್ಯದ ಶಿಗೌ ಅನ್ನುವ ಹಳ್ಳಿಯಲ್ಲಿ ಶೆನ್ ಜಿಲಾನ್ ಅಂತ ಒಬ್ಬ ಹೆಂಗಸು 1950ರ ದಶಕದ ಆರಂಭದಲ್ಲೇ ಇದನ್ನು ಪ್ರಶ್ನೆ ಮಾಡಿದರು. ಹೆಂಗಸರನ್ನು ಒಟ್ಟುಗೂಡಿಸಿ, ಗಂಡಸರ ಜೊತೆ ಪಂತ ಕಟ್ಟಿದ ಹಾಗೆ ಕೆಲಸ ಮಾಡಿ ತೋರಿಸಿ, ಸಮಾನ ಅಂಕ ಪಡೆದರು. ದೇಶದ ತುಂಬ ಹೆಸರಾದರು. 1954ರ ಮೊದಲ ರಾಷ್ಟ್ರೀಯ ಜನತಾ ಕಾಂಗ್ರೆಸ್‌ನಿಂದ (ಅಲ್ಲಿನ ಸಂಸತ್ತು) ಹಿಡಿದು 2020ರಲ್ಲಿ ತೀರಿಕೊಳ್ಳುವ ತನಕ ಪ್ರತಿ ಅವಧಿಯಲ್ಲೂ ಪ್ರತಿನಿಧಿಯಾಗಿದ್ದವರು ಅವರೊಬ್ಬರೇ. ಒಂದು ಸಲವೂ ವಿರುದ್ಧ ಮತ ಹಾಕಿಲ್ಲ ಅಂತ ಅವರೇ ಹೇಳಿಕೊಂಡಿದ್ದರಂತೆ. ಅದಕ್ಕೆ ಈಗಿನ ಚೀನೀ ಹುಡುಗರು ಇಂಟರ್‌ನೆಟ್ಟಿನಲ್ಲಿ ಅವರನ್ನು ಆಡಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಊರಿನಲ್ಲಿ ಗಂಡಸರ ಎದುರು ನಿಂತು ಐದು ಅಂಕವನ್ನು ಹತ್ತು ಮಾಡಿಸಿಕೊಂಡವರು, ಪೇಟೆಗೆ ಬಂದು ದೊಡ್ಡವರ ಎದುರು ಮಾತ್ರ ತಲೆ ಆಡಿಸಿದರು. ಎರಡೂ ಒಂದೇ ಹೆಂಗಸೇ ಅಲ್ವಾ.

ಮತ್ತೆ, ಅಂಕ ಬರೆದಿದ್ದು ಹೊಲದ ಕೆಲಸಕ್ಕೆ ಮಾತ್ರ. ಮನೆಗೆ ಬಂದು ಒಲೆ ಹಚ್ಚಿದ್ದಕ್ಕೆ, ರಾತ್ರಿ ಕೂತು ಬಟ್ಟೆ ಚಪ್ಪಲಿ ಹೊಲಿದಿದ್ದಕ್ಕೆ ಯಾವ ಪುಸ್ತಕದಲ್ಲೂ ಜಾಗ ಇರಲಿಲ್ಲ. ಬಂದ ಅಂಕದ ದವಸ, ದುಡ್ಡು ಕೂಡ ಮನೆ ಯಜಮಾನನ ಕೈಗೇ ಹೋಗುತ್ತಿತ್ತು.

1980ರ ದಶಕದ ಆರಂಭದಲ್ಲಿ ಸಾಮೂಹಿಕ ಬೇಸಾಯ ಮುರಿದು ಜಮೀನನ್ನು ಮನೆಮನೆಗೆ ಗುತ್ತಿಗೆಗೆ ಕೊಟ್ಟರು. ಮೊದಮೊದಲು ನಾಲ್ಕಾರು ವರ್ಷಕ್ಕೊಮ್ಮೆ ಮತ್ತೆ ಹಂಚುತ್ತಿದ್ದರು. ಸೊಸೆ ಬಂದರೆ ಒಂದು ಪಾಲು ಸೇರುತ್ತಿತ್ತು, ಮಗಳು ಹೋದರೆ ಒಂದು ಪಾಲು ಕಳೆಯುತ್ತಿತ್ತು. ಹೆಂಗಸಿನ ಜಮೀನು ಅವಳ ಜೊತೆ ನಡೆದು ಹೋಗದಿದ್ದರೂ ಹೋದ ಕಡೆ ಇನ್ನೊಂದು ಸಿಗುವ ಸಾಧ್ಯತೆ ಇತ್ತು. ಆದರೆ ಹೀಗೆ ಪದೇಪದೇ ಹಂಚಿದರೆ ಯಾರು ಜಮೀನಿಗೆ ಗೊಬ್ಬರ ಹಾಕುತ್ತಾರೆ? ಅದಕ್ಕೆ 1987ರಲ್ಲಿ ಗುಯ್‌ಝೌ ಪ್ರಾಂತ್ಯದ ಮೇತಾನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ತಾಲೂಕಿನ ಹಾಗೆ) ಒಂದು ಪ್ರಯೋಗ ಮಾಡಿದರು: ಮನೆಯಲ್ಲಿ ಜನ ಹೆಚ್ಚಿದರೂ ಜಮೀನು ಹೆಚ್ಚಿಸುವುದಿಲ್ಲ, ಜನ ಕಡಿಮೆಯಾದರೂ ಕಿತ್ತುಕೊಳ್ಳುವುದಿಲ್ಲ. ಆಮೇಲೆ ಅದೇ ದೇಶದ ನೀತಿಯಾಯಿತು, 1990ರ ದಶಕದ ಕೊನೆಗೆ ಗುತ್ತಿಗೆ 30 ವರ್ಷಕ್ಕೆ ಗಟ್ಟಿಯಾಯಿತು. ಬೇಸಾಯದ ದೃಷ್ಟಿಯಿಂದ ಒಳ್ಳೆಯ ನೀತಿ. ಆದರೆ ಒಂದು ಊರಲ್ಲಿ ಹುಟ್ಟಿ ಇನ್ನೊಂದು ಊರಲ್ಲಿ ಬಾಳುವವರು ಯಾರು? ಹೆಂಗಸರೇ. ಮಗ ಎಲ್ಲಿಗೂ ಹೋಗುವುದಿಲ್ಲ, ಅವನ ಜಮೀನು ಅವನ ಕಾಲ ಕೆಳಗೇ ಇರುತ್ತದೆ. ಮಗಳ ಜಮೀನು ತವರಲ್ಲಿ ಉಳಿಯಿತು, ತಮ್ಮ ಉಳುತ್ತಾನೆ. ಗಂಡನ ಊರಲ್ಲಿ ಹೊಸದಾಗಿ ಕೊಡಲು ಜಮೀನಿಲ್ಲ. ಈ ನೀತಿ ಬರೆದವರು ಹೆಂಗಸರಿಗೆ ಕೇಡು ಮಾಡಬೇಕು ಅಂತ ಬರೆದಿರಲಾರರು. ಹೆಂಗಸರು ನೆನಪಿಗೇ ಬಂದಿರಲಿಕ್ಕಿಲ್ಲ.

ಕೋರ್ಟಿಗೆ ಹೋಗಬಹುದಿತ್ತಲ್ಲ ಅನ್ನಬಹುದು. ಕಾನೂನು ಇತ್ತು. 2003ರಿಂದ ಜಾರಿಗೆ ಬಂದ ಭೂ ಗುತ್ತಿಗೆ ಕಾನೂನಿನಲ್ಲೇ ಸ್ಪಷ್ಟವಾಗಿ ಇದೆ: ಮದುವೆಯಾದ ಹೆಣ್ಣಿಗೆ ಹೋದ ಊರಲ್ಲಿ ಜಮೀನು ಸಿಗದಿದ್ದರೆ ತವರಿನ ಜಮೀನು ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಪಾಲಿನ ದುಡ್ಡಿನ ತಕರಾರು ಬಂದಾಗ ಎಷ್ಟೋ ಕೋರ್ಟುಗಳು ಇದು ಊರಿನ ಸ್ವಂತ ಆಡಳಿತದ ವಿಷಯ, ನಮಗೆ ಬರುವುದಿಲ್ಲ ಅಂತ ಅರ್ಜಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಊರಿನ ಸಭೆಯಲ್ಲಿ ಬಹುಮತದಿಂದ ಆದ ತೀರ್ಮಾನ ಅಂತ ಒಂದು ಕಾಗದ ಇದ್ದರೆ ಮುಗೀತು. ಹೆಣ್ಣುಮಕ್ಕಳಷ್ಟೇ ಇರುವ ಮನೆಯಲ್ಲಿ ಒಬ್ಬ ಮಗಳು ಮಾತ್ರ ಮನೆಅಳಿಯನನ್ನು ತಂದುಕೊಂಡು ಪಟ್ಟಿಯಲ್ಲಿ ಉಳಿಯಬಹುದು ಅನ್ನುವ ನಿಯಮವೂ ಬಹಳ ಊರುಗಳಲ್ಲಿ ಇತ್ತು. ಎರಡನೆಯವಳು ಅದೃಷ್ಟಹೀನಳು.

ನಾವೇನು ಕಮ್ಮಿ ಇಲ್ಲ ಬಿಡಿ. ಹಿಂದೂ ಉತ್ತರಾಧಿಕಾರ ಕಾನೂನಿಗೆ ಕರ್ನಾಟಕ 1994ರಲ್ಲಿ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಾಗ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ಕಾನೂನು ಬಂದಮೇಲೆ ಆ ಭೇದ ಹೋಯಿತು. ಆಮೇಲೂ ನಮ್ಮಮ್ಮ, ಚಿಕ್ಕಮ್ಮಂದಿರು ಎಲ್ಲ ಒಂದು ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದರು. ತವರಿನ ಬಾಗಿಲು ತೆರೆದಿರಲಿ ಅಂತ. ನಮ್ಮಲ್ಲಿ ಹೆಣ್ಣುಮಕ್ಕಳ ಕೈಯಲ್ಲೇ ಬರೆಸಿಕೊಳ್ಳುತ್ತಾರೆ, ಅಲ್ಲಿ ಅವರನ್ನು ಕೇಳುವುದೂ ಇಲ್ಲ. ವ್ಯತ್ಯಾಸ ಅಷ್ಟೇ.

ಊರು ಬಿಟ್ಟವರು

ಹಾಗಾದರೆ ಏನೂ ಬದಲಾಗಿಲ್ಲವಾ? ಬಹಳ ಬದಲಾಗಿದೆ. ನನ್ನ ಪ್ರಕಾರ ಆ ಬದಲಾವಣೆಯ ದೊಡ್ಡ ಭಾಗ ನಡೆದದ್ದು ಹಳ್ಳಿಯ ಹೊರಗೆ.

ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಸಾಕ್ಷಿ ಆತ್ಮಹತ್ಯೆಯ ಲೆಕ್ಕ. 1990ರ ದಶಕದ ಕೊನೆಯಲ್ಲಿ ಚೀನಾದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 23 ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು. ಹಳ್ಳಿಗಳಲ್ಲಿ ಪೇಟೆಯ ಮೂರು ಪಟ್ಟು. ಹೆಚ್ಚುಕಡಿಮೆ ಬೇರೆಲ್ಲ ದೇಶಗಳಲ್ಲಿ ಗಂಡಸರ ಸಂಖ್ಯೆ ಹೆಚ್ಚಿದ್ದರೆ ಇಲ್ಲಿ ಹೆಂಗಸರದ್ದು ಹೆಚ್ಚು, ಸುಮಾರು ಕಾಲು ಭಾಗದಷ್ಟು ಹೆಚ್ಚು. ಅದರಲ್ಲೂ ಹೊಸದಾಗಿ ಮದುವೆಯಾದ ವಯಸ್ಸಿನ ಹಳ್ಳಿ ಹೆಂಗಸರು. ಅತ್ತೆಯ ಜೊತೆ ಜಗಳ, ಗಂಡ ಹೊಡೆದ, ಮೂಲೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಬಾಟಲಿ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. ಸಾಯಬೇಕು ಅಂತ ಗಟ್ಟಿ ಮನಸ್ಸು ಮಾಡದವರೂ ಸತ್ತರು. ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಈ ಲೆಕ್ಕ ಅರ್ಧಕ್ಕಿಂತ ಕೆಳಗೆ ಬಿತ್ತು. ಹೆಚ್ಚು ಇಳಿದದ್ದು ಈ ಹಳ್ಳಿ ಹೆಂಗಸರದ್ದೇ. ಹಾಗಂತ ಅತ್ತೆಯಂದಿರು ಒಳ್ಳೆಯವರಾದರು ಅಂತಲ್ಲ, ಗಂಡಂದಿರು ಹೊಡೆಯುವುದು ಬಿಟ್ಟರು ಅಂತಲೂ ಅಲ್ಲ, ಕೌಟುಂಬಿಕ ಹಿಂಸೆಯ ವಿರುದ್ಧ ಪ್ರತ್ಯೇಕ ಕಾನೂನು ಬಂದಿದ್ದೇ 2016ರಲ್ಲಿ. ಹುಡುಗಿಯರು ಊರು ಬಿಟ್ಟರು. ಅತ್ತೆ ಊರಲ್ಲಿ, ಔಷಧಿ ಬಾಟಲಿ ಊರಲ್ಲಿ, ಇವರು ಕಾರ್ಖಾನೆಗಳ ಪೇಟೆ ಶೆನ್‌ಝೆನ್‌ನಲ್ಲಿ.

ಅಲ್ಲಿ ಸುಖವಿತ್ತು ಅಂತ ಹೇಳುತ್ತಿಲ್ಲ. 1993ರ ನವೆಂಬರ್‌ನಲ್ಲಿ ಶೆನ್‌ಝೆನ್‌ನ ಒಂದು ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಿಟಕಿಗಳಿಗೆ ಸರಳು ಹಾಕಿದ್ದರು, ಬಾಗಿಲುಗಳಿಗೆ ಬೀಗ. 87 ಜನ ಸತ್ತರು, ಹೆಚ್ಚುಕಡಿಮೆ ಎಲ್ಲರೂ ಹಳ್ಳಿಗಳಿಂದ ಬಂದ ಹುಡುಗಿಯರು. ಅಂಥ ಕಾರ್ಖಾನೆಗಳಿಗೇ ಹುಡುಗಿಯರು ಸಾಲುಗಟ್ಟಿ ಬರುತ್ತಿದ್ದರು ಅಂದರೆ ಬಿಟ್ಟು ಬಂದ ಊರು ಹೇಗಿದ್ದಿರಬೇಕು ಯೋಚಿಸಿ. ತಿಂಗಳ ಕೊನೆಗೆ ಕೈಗೆ ದುಡ್ಡು ಬರುತ್ತಿತ್ತು, ಆ ದುಡ್ಡಿನಿಂದ ಊರಲ್ಲಿ ತಮ್ಮನ ಓದು ನಡೆಯುತ್ತಿತ್ತು, ಮನೆ ಏಳುತ್ತಿತ್ತು, ಹೀಗಾಗಿ ಮದುವೆಯ ಮಾತು ಬಂದಾಗ ಬೇಡ ಅನ್ನುವ ಧೈರ್ಯವೂ ಬಂತು. ಇನ್ನೂ ಒಂದು ಲೆಕ್ಕ ಕೇಳಿ. 2016-17ರ ವಿಚ್ಛೇದನದ ಕೇಸುಗಳನ್ನು ಸುಪ್ರೀಂ ಕೋರ್ಟ್ ಒಟ್ಟು ಮಾಡಿ ನೋಡಿದಾಗ 73 ಪರ್ಸೆಂಟ್ ಕೇಸು ಹಾಕಿದವರು ಹೆಂಗಸರೇ.

ಓದಿನಲ್ಲೂ ಇದೇ ಕಥೆ. ಯುನ್ನಾನ್ ಪ್ರಾಂತ್ಯದ ಬೆಟ್ಟಗಳಲ್ಲಿ ಹುವಾಪಿಂಗ್ ಅಂತ ಒಂದು ಕೌಂಟಿ. ಅಲ್ಲಿ ಟೀಚರ್ ಆಗಿದ್ದ ಝಾಂಗ್ ಗುಯ್‌ಮೇ, ತರಗತಿಯಿಂದ ಹುಡುಗಿಯರು ಮದುವೆಗೆ ಅಂತ ಒಬ್ಬೊಬ್ಬರಾಗಿ ಮಾಯವಾಗುವುದನ್ನು ನೋಡಿ ನೋಡಿ ಸಾಕಾಗಿ, 2008ರಲ್ಲಿ ಹುಡುಗಿಯರಿಗೇ ಅಂತ ಫೀಸಿಲ್ಲದ ಹೈಸ್ಕೂಲು ಶುರು ಮಾಡಿಸಿದರು. ಸಾವಿರಾರು ಹುಡುಗಿಯರು ಅಲ್ಲಿಂದ ಕಾಲೇಜಿಗೆ ಹೋದರು. ಹಳೆಯ ವಿದ್ಯಾರ್ಥಿನಿಯೊಬ್ಬಳು ಗೃಹಿಣಿಯಾಗಿ ಗಂಡನ ಜೊತೆ ಬಂದು ದೇಣಿಗೆ ಕೊಡಲು ಹೋದರೆ ಈಯಮ್ಮ ತೆಗೆದುಕೊಳ್ಳಲಿಲ್ಲ, ಹೋಗಿ ಕೆಲಸ ಮಾಡು ಅಂದರಂತೆ. 2020ರಲ್ಲಿ ಅದು ದೊಡ್ಡ ಚರ್ಚೆಯಾಯಿತು. ಒರಟುತನ ಅಂತ ಬೈದವರೂ ಇದ್ದರು. ನನಗೆ ಅವರು ಹಾಗೆ ಮಾಡಿದ್ದು ಅರ್ಥವಾಗುತ್ತದೆ. ಅವರ ಶಾಲೆಯ ಉದ್ದೇಶವೇ ಹುಡುಗಿಯರು ಬೆಟ್ಟ ದಾಟಿ ಆಚೆ ಹೋಗಬೇಕು ಅನ್ನುವುದು. ಬೆಟ್ಟದ ಮೇಲೆ ಇದ್ದುಕೊಂಡೇ ಚೆನ್ನಾಗಿ ಬಾಳಬಹುದು ಅನ್ನುವ ಭರವಸೆ ಅವರಿಗೂ ಇರಲಿಲ್ಲ.

ಜಿಯಾಂಗ್‌ಶಿಯ ಊಟ

ಹೊಗೆ ಜಾಸ್ತಿಯಾಯಿತು ಅಂತ ಫೋಶಾನ್ ತನ್ನ ಟೈಲ್ಸ್ ಕಾರ್ಖಾನೆಗಳನ್ನು ಹೊರಗೆ ಅಟ್ಟಿದಾಗ ಎಷ್ಟೋ ಕಾರ್ಖಾನೆಗಳು ಜಿಯಾಂಗ್‌ಶಿ ಪ್ರಾಂತ್ಯದ ಗಾವೋಆನ್‌ಗೆ ಹೋದವು. ನಾನೂ ಹಿಂದೆಯೇ ಹೋದೆ. ಕೋವಿಡ್‌ಗೆ ಸ್ವಲ್ಪ ಮುಂಚೆ, ಚೀನೀ ಹೊಸ ವರ್ಷದ ಹತ್ತಿರ, ಅಲ್ಲಿ ಮಾಲು ವಿಂಗಡಿಸುವ ಸಾಲಿನ ಸೂಪರ್‌ವೈಸರ್ ಆಗಿದ್ದ ಹುಡುಗಿ ತನ್ನ ಅತ್ತೆ ಮನೆಗೆ ಊಟಕ್ಕೆ ಕರೆದಳು. ಹುಡುಗಿ ಅಂದರೆ ಮೂವತ್ತರ ಆಸುಪಾಸು, ಒಬ್ಬ ಮಗ. ಅವಳ ಸಂಬಳ ಗಂಡನ ಸಂಬಳಕ್ಕಿಂತ ಜಾಸ್ತಿ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಊಟಕ್ಕೆ ನನ್ನನ್ನು ನಡುಮನೆಯ ದುಂಡು ಮೇಜಿಗೆ ಕೂರಿಸಿದರು, ಮಾವ, ಗಂಡ, ಮೈದುನ, ಅಕ್ಕಪಕ್ಕದ ಗಂಡಸರ ಜೊತೆ. ವಿದೇಶದಿಂದ ಬಂದವಳು, ಹಾಗಾಗಿ ಹೆಂಗಸರ ಲೆಕ್ಕಕ್ಕೆ ಸೇರಲಿಲ್ಲ. ಸೊಸೆ, ಅತ್ತೆ ಇಬ್ಬರೂ ಅಡುಗೆಮನೆಯಿಂದ ತಂದು ತಂದು ಇಟ್ಟರು, ಮೀನು, ಹಂದಿ, ಖಾರದ ತೋಫು. ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾಗಿ ಅತ್ತೆ ಪಾಪ ಮೂಲಂಗಿ ಬೇಯಿಸಿ ತಂದರು, ಅದಕ್ಕೂ ಹಂದಿ ಕೊಬ್ಬು ಹಾಕಿದ್ದರು. ಮೇಜಿನ ಮಾತೆಲ್ಲ ಮೈದುನನ ಮದುವೆಯದ್ದು. ಹುಡುಗಿಯ ಕಡೆಯವರು ಮೂರು ಲಕ್ಷ ಯುವಾನ್ ಹತ್ತಿರ ಕೇಳುತ್ತಿದ್ದರು, ಜೊತೆಗೆ ಕೌಂಟಿ ಪೇಟೆಯಲ್ಲಿ ಫ್ಲಾಟು, ಒಂದು ಕಾರು. ಗಂಡಿನ ಕಡೆಯವರು ಕೊಡುವ ದುಡ್ಡು ಇದು, ನಮ್ಮ ವರದಕ್ಷಿಣೆಯ ಉಲ್ಟಾ. ಜಿಯಾಂಗ್‌ಶಿ ಇದಕ್ಕೆ ಇಡೀ ದೇಶದಲ್ಲೇ ಹೆಸರುವಾಸಿ. ಮಾವನವರು ಕುಡಿಯುತ್ತಾ, ಈ ಕಾಲದಲ್ಲಿ ಹೆಣ್ಣು ಹೆತ್ತವರೇ ಪುಣ್ಯವಂತರು ಅಂದರು.

ಆಮೇಲೆ ಅಡುಗೆಮನೆಗೆ ಹೋದೆ. ಅತ್ತೆ ಸೊಸೆ ಸಣ್ಣ ಮಣೆಗಳ ಮೇಲೆ ಕೂತು ಉಣ್ಣುತ್ತಿದ್ದರು. ಅತ್ತೆ ನನಗೆ ಹೇಳಿದರು, ನಾನು ಸೊಸೆಯಾಗಿದ್ದಾಗ ಅತ್ತೆಗೆ ಹೆದರಬೇಕಿತ್ತು, ಈಗ ಅತ್ತೆಯಾಗಿ ಸೊಸೆಗೆ ಹೆದರಬೇಕು, ನನ್ನ ಸರದಿ ಯಾವಾಗ ಬರುತ್ತದೆ? ಸೊಸೆ ನಗುತ್ತಲೇ ಅನ್ನ ಬಡಿಸಿದಳು. ಇದು ತಮಾಷೆಯ ಮಾತಲ್ಲ. ವಾರವಿಡೀ ಅತ್ತೆ ಕೌಂಟಿ ಪೇಟೆಯ ಫ್ಲಾಟಿನಲ್ಲಿ ಮೊಮ್ಮಗನನ್ನು ಸ್ಕೂಲಿಗೆ ಬಿಟ್ಟು ಕರೆದು ಅಡುಗೆ ಮಾಡಿ ಹಾಕುತ್ತಾರೆ, ಶನಿವಾರ ಊರಿಗೆ ಬಂದು ಗಂಡನ ಬಟ್ಟೆ ಒಗೆದು ತರಕಾರಿ ತೋಟ ನೋಡುತ್ತಾರೆ. ಹಳ್ಳಿಯ ಮುದುಕರಿಗೆ ಬರುವ ಸರ್ಕಾರಿ ಪಿಂಚಣಿಯ ಕನಿಷ್ಠ ಮೊತ್ತ 2024ರಲ್ಲೂ ತಿಂಗಳಿಗೆ 123 ಯುವಾನ್. ಮೇಜಿನ ಮೇಲಿದ್ದ ಆ ಮದ್ಯದ ಬಾಟಲಿಗೂ ಸಾಲುತ್ತಿತ್ತೋ ಇಲ್ಲವೋ. ಚೀನಾದ ಹಳ್ಳಿ ಹೆಂಗಸರಲ್ಲಿ ಯಾರ ಸ್ಥಿತಿ ಸುಧಾರಿಸಿತು ಅಂತ ಕೇಳಿದರೆ ಸೊಸೆಯಂದಿರದ್ದು ಅನ್ನುತ್ತೇನೆ. ಅದಕ್ಕೆ ಬೆಲೆ ಕೊಟ್ಟವರಲ್ಲಿ ಗಂಡಸರು ಕಡಿಮೆ, ಅತ್ತೆಯಂದಿರು ಜಾಸ್ತಿ.

ಹೆಣ್ಣಿಗೆ ಇಷ್ಟು ಬೇಡಿಕೆ ಬಂದದ್ದು ಯಾಕೆ ಅಂತ ಎಲ್ಲರಿಗೂ ಗೊತ್ತು. ಒಂದೇ ಮಗು ನೀತಿ ಅಂತ ನಾವು ಹೇಳುತ್ತೇವೆ, ಆದರೆ ಬಹುಪಾಲು ಪ್ರಾಂತ್ಯಗಳ ಹಳ್ಳಿಗಳಲ್ಲಿ 1980ರ ದಶಕದ ಮಧ್ಯದಿಂದ ಇದ್ದ ನಿಯಮ ಬೇರೆ: ಮೊದಲನೆಯದು ಹೆಣ್ಣಾದರೆ ಇನ್ನೊಂದು ಮಗು ಮಾಡಿಕೊಳ್ಳಬಹುದು. ಜನ ಇದನ್ನು ಒಂದೂವರೆ ಮಗುವಿನ ನೀತಿ ಅನ್ನುತ್ತಿದ್ದರು. ಗೋಡೆಯ ಮೇಲೆ ಗಂಡು ಹೆಣ್ಣು ಸಮ ಅಂತ ಬರೆಸಿದ ಸರ್ಕಾರವೇ ಹೆಣ್ಣನ್ನು ಅರ್ಧ ಅಂತ ಎಣಿಸಿತು. 2004ರಲ್ಲಿ 100 ಹೆಣ್ಣು ಶಿಶುಗಳಿಗೆ 121 ಗಂಡು ಶಿಶುಗಳು ಹುಟ್ಟಿದವು. 2020ರ ಜನಗಣತಿಯಲ್ಲಿ ಅದು 111ಕ್ಕೆ ಇಳಿದಿತ್ತು. 2004ರ ಆಸುಪಾಸಿನಲ್ಲಿ, ಅದಕ್ಕೂ ಮುಂಚೆ ಹುಟ್ಟಿದ ಗಂಡುಹುಡುಗರೆಲ್ಲ ಈಗ ಮದುವೆಗೆ ನಿಂತಿದ್ದಾರೆ, ಹಳ್ಳಿಯ ಹುಡುಗಿಯರು ಪೇಟೆಯಲ್ಲಿದ್ದಾರೆ.

ವಧುವಿಗೆ ಕೊಡುವ ಈ ದುಡ್ಡನ್ನು ಕಡಿಮೆ ಮಾಡಿ ಅಂತ ಸರ್ಕಾರ ಈಚಿನ ವರ್ಷಗಳಲ್ಲಿ ಸುತ್ತೋಲೆ ಮೇಲೆ ಸುತ್ತೋಲೆ ಕಳಿಸುತ್ತಿದೆ. 2024ರ ಫೆಬ್ರವರಿಯಿಂದ ಮದುವೆ ಬೇಗ ಮುರಿದರೆ ದುಡ್ಡು ಎಷ್ಟು ವಾಪಸ್ ಕೊಡಬೇಕು ಅನ್ನುವುದಕ್ಕೂ ಸುಪ್ರೀಂ ಕೋರ್ಟಿನ ನಿಯಮ ಇದೆ. ಹುಡುಗಿಯರು ದುರಾಸೆಯವರು ಅನ್ನುವ ದನಿ ಅದರಲ್ಲೆಲ್ಲ ಸ್ವಲ್ಪ ಕೇಳುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ. ತವರಿನ ಜಮೀನು ತಮ್ಮನಿಗೆ. ಗಂಡನ ಊರಲ್ಲಿ ಜಮೀನು ಇಲ್ಲ. ಗಂಡಿನ ಅಪ್ಪ ಅಮ್ಮ ಮಗನ ಹೆಸರಲ್ಲಿ ತೆಗೆದ ಫ್ಲಾಟು ಮಗನಿಗೇ ಸೇರಿದ್ದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮದುವೆಯ ದಿನ ಕೈಗೆ ಬರುವ ಆ ದುಡ್ಡು ಬಿಟ್ಟರೆ ಅವಳದು ಅನ್ನುವುದು ಇನ್ನೇನಿದೆ? ಅದೂ ಎಷ್ಟೋ ಮನೆಗಳಲ್ಲಿ ಅವಳ ತಮ್ಮನ ಮದುವೆಗೆ ಹೋಗುತ್ತದೆ, ಆ ಮಾತು ಬೇರೆ.

ಈ ಬೇಡಿಕೆಗೆ ಇನ್ನೊಂದು ಮುಖ ಇದೆ, ಅದನ್ನು ಬಿಟ್ಟು ಮುಂದೆ ಹೋದರೆ ಸುಳ್ಳಾಗುತ್ತದೆ. ದುಡ್ಡು ಕೊಡಲಾಗದ ಊರುಗಳಿಗೆ ದೂರದ ಬಡ ಪ್ರಾಂತ್ಯಗಳಿಂದ ಹೆಂಗಸರನ್ನು ಕದ್ದು ತಂದು ಮಾರಿದರು. 2022ರ ಜನವರಿಯಲ್ಲಿ ಜಿಯಾಂಗ್‌ಸು ಪ್ರಾಂತ್ಯದ ಒಂದು ಹಳ್ಳಿಯಲ್ಲಿ, ಎಂಟು ಮಕ್ಕಳ ತಾಯಿಯೊಬ್ಬಳನ್ನು ಕುತ್ತಿಗೆಗೆ ಸರಪಳಿ ಹಾಕಿ ಕೊಟ್ಟಿಗೆಯಂಥ ಕೋಣೆಯಲ್ಲಿ ಕಟ್ಟಿಹಾಕಿದ್ದ ವಿಡಿಯೋ ಹೊರಬಂತು. ಯುನ್ನಾನ್‌ನವಳು, ಕೈಯಿಂದ ಕೈಗೆ ಮಾರಾಟವಾಗಿ ಬಂದವಳು. ಗಂಡ ಅನ್ನಿಸಿಕೊಂಡವನಿಗೆ ಮುಂದಿನ ವರ್ಷ 9 ವರ್ಷ ಜೈಲಾಯಿತು. ಹೆಂಗಸನ್ನು ಕೊಂಡುಕೊಂಡ ಅಪರಾಧ ಒಂದಕ್ಕೇ ಅಂತ ತೆಗೆದುಕೊಂಡರೆ ಚೀನಾದ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 3 ವರ್ಷ. ಇಡೀ ಊರಿಗೆ ಗೊತ್ತಿತ್ತು. ಸುತ್ತ ಮನೆಗಳಿದ್ದವು, ಎಂಟು ಹೆರಿಗೆಗಳಾಗಿದ್ದವು. ಯಾರ ಮನೆಯಲ್ಲಿ ಯಾರು ಬಸುರಿ ಅಂತ ಲೆಕ್ಕ ಇಡುವುದಕ್ಕೇ ಒಬ್ಬರನ್ನು ನೇಮಿಸಿದ್ದ ವ್ಯವಸ್ಥೆಯ ಕಣ್ಣಿಗೆ ಅವಳು ಬೀಳಲಿಲ್ಲ.

ಹೆಸರು ಸೇರಿದ ಮೇಲೆ

ನಾನ್‌ಹಾಯ್‌ನ ಅಕ್ಕನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅಲ್ಲಿನ ಹೆಂಗಸರು ವರ್ಷಗಟ್ಟಲೆ ಅರ್ಜಿ ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆದಿದ್ದರು. 2008ರ ಹೊತ್ತಿಗೆ ಜಿಲ್ಲಾಡಳಿತವೇ ಮಧ್ಯೆ ಬಂದು, ಊರಿನ ನಿವಾಸಿ ಅಂತ ನೋಂದಣಿ ಇರುವ ಮಗಳಿಗೂ ಮಗನಷ್ಟೇ ಪಾಲು ಕೊಡಲೇಬೇಕು ಅಂತ ಊರುಗಳ ಕೈ ತಿರುಚಿತು. ಅಕ್ಕನ ಹೆಸರೂ ಕೊನೆಗೆ ಸೇರಿತು. ನನಗೆ ಆ ಸುದ್ದಿ ಫೋನಿನಲ್ಲಿ ಹೇಳುವಾಗ ಖುಷಿಗಿಂತ ಆಯಾಸವೇ ಜಾಸ್ತಿ ಇತ್ತು. ತಮ್ಮ ಮಾತು ಬಿಟ್ಟಿದ್ದ. ಮೊದಲೆಲ್ಲ ಹೊಸ ವರ್ಷಕ್ಕೆ ಪಾಲಿನ ದುಡ್ಡಿನಲ್ಲಿ ಸ್ವಲ್ಪವನ್ನು ಕೆಂಪು ಲಕೋಟೆಯಲ್ಲಿ ಹಾಕಿ ಅಕ್ಕನಿಗೆ ಕೊಡುತ್ತಿದ್ದ. ಕೊಡುವುದು ಅವನಿಗೆ ಕಷ್ಟವಿರಲಿಲ್ಲ. ಅವಳು ಕೇಳಿ ಪಡೆದದ್ದು ಕಷ್ಟವಾಯಿತು. ಊರಲ್ಲಿ ತಲೆ ಎತ್ತಿ ತಿರುಗೋದು ಹೇಗೆ ಅಂದನಂತೆ. ವಿಚಿತ್ರ ಅಂದರೆ, ಅಪ್ಪನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯಲ್ಲಿ ರಾತ್ರಿ ಹಗಲು ಇದ್ದವರು ಅಕ್ಕನೇ. ಈಗ ಚೀನಾದ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಇದೇ ಹೇಳುತ್ತಾರೆ, ಕೊನೆಗಾಲಕ್ಕೆ ಮಗಳೇ ಗತಿ ಅಂತ. ಹೊಸದಾಗಿ ಅಚ್ಚು ಹಾಕಿಸುವ ವಂಶಾವಳಿಯ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಎಷ್ಟೋ ಕುಲದವರು ಸೇರಿಸುತ್ತಿದ್ದಾರೆ. ದುಡ್ಡಿಲ್ಲದ ಪಟ್ಟಿಗೆ ಸೇರಿಸುವುದು ಸುಲಭ.

ಈಗ ಕಾನೂನು ಇನ್ನೂ ಬಿಗಿಯಾಗಿದೆ. 2024ರ ಜೂನ್‌ನಲ್ಲಿ ಪಾಸಾಗಿ 2025ರ ಮೇ 1ರಿಂದ ಜಾರಿಗೆ ಬಂದ ಗ್ರಾಮೀಣ ಸಾಮೂಹಿಕ ಆರ್ಥಿಕ ಸಂಘಟನೆಗಳ ಕಾನೂನು, ಮದುವೆಯಾಗಿಲ್ಲ, ಆಗಿದೆ, ವಿಚ್ಛೇದನವಾಗಿದೆ, ಗಂಡ ಸತ್ತಿದ್ದಾನೆ, ಮನೆಯಲ್ಲಿ ಗಂಡಸಿಲ್ಲ, ಇಂಥ ಯಾವ ಕಾರಣಕ್ಕೂ ಹೆಂಗಸಿನ ಹಕ್ಕು ಮೊಟಕು ಮಾಡುವಂತಿಲ್ಲ ಅನ್ನುತ್ತದೆ. ಮದುವೆಯಾಗಿ ಹೋದವಳಿಗೆ ಹೋದ ಊರಲ್ಲಿ ಸದಸ್ಯತ್ವ ಸಿಗುವ ತನಕ ತವರಿನ ಸದಸ್ಯತ್ವ ತೆಗೆಯುವಂತಿಲ್ಲ. ಕಾರಣಗಳನ್ನು ಹೀಗೆ ಒಂದೊಂದಾಗಿ ಹೆಸರಿಸಬೇಕಾಗಿ ಬಂತು ಅಂದರೆ ಅಷ್ಟೂ ಕಾರಣ ಹೇಳಿ ತೆಗೆದಿದ್ದರು ಅಂತಲೇ ಅರ್ಥ. ಆದರೆ ಯಾರು ಸದಸ್ಯರು ಅಂತ ಮೊದಲು ತೀರ್ಮಾನಿಸುವುದು ಈಗಲೂ ಊರಿನ ಸಭೆಯೇ. ಆಲದ ಮರದ ಕೆಳಗಿನ ದೊಡ್ಡಪ್ಪಂದಿರೇ.

ಜಮೀನಿನ ಗುತ್ತಿಗೆಯೂ ಈಗ ನವೀಕರಣಕ್ಕೆ ಬಂದಿದೆ. 1990ರ ದಶಕದ ಕೊನೆಯ 30 ವರ್ಷದ ಗುತ್ತಿಗೆಗಳು 2027-28ರ ಸುಮಾರಿಗೆ ಮುಗಿಯುತ್ತವೆ, ಇನ್ನೂ 30 ವರ್ಷ ಮುಂದುವರಿಸುತ್ತೇವೆ ಅಂತ 2017ರಲ್ಲೇ ಷಿ ಜಿನ್‌ಪಿಂಗ್ ಘೋಷಿಸಿದ್ದಾರೆ. ಮತ್ತೆ ಹಂಚುವುದಿಲ್ಲ, ಇದ್ದದ್ದನ್ನು ಹಾಗೆಯೇ ಮುಂದಕ್ಕೆ ತಳ್ಳುವುದು ಅಂತ ಸಾಮಾನ್ಯ ನೀತಿ. ಪ್ರಮಾಣಪತ್ರದಲ್ಲಿ ಮನೆಯವರೆಲ್ಲರ ಹೆಸರು ಬರೆಯಬೇಕು ಅಂತ 2018ರ ತಿದ್ದುಪಡಿ ಹೇಳುತ್ತದೆ, ಒಳ್ಳೆಯದೇ. ಆದರೆ 1998ರ ನಂತರ ಸೊಸೆಯಾಗಿ ಬಂದವಳಿಗೆ ಇದರಿಂದ ಹೊಸ ಜಮೀನು ಬರುವುದಿಲ್ಲ.

ಗಾವೋಆನ್‌ನ ಆ ಹುಡುಗಿಗೆ ಈಚೆಗೆ ವಾಯ್ಸ್ ಮೆಸೇಜಿನಲ್ಲಿ ಇದನ್ನೆಲ್ಲ ಹೇಳಿದೆ. ನಿನ್ನ ತವರಿನ ಜಮೀನಿನ ಕಾಗದದಲ್ಲಿ ನಿನ್ನ ಹೆಸರಿದೆಯಾ ನೋಡಿಕೋ ಅಂದೆ. ತಮ್ಮ ಉಳುತ್ತಿದ್ದಾನೆ ಬಿಡಿ ಅಕ್ಕ, ಆ ಎರಡು ತುಂಡು ಗದ್ದೆಗೆ ಹೋಗಿ ಯಾರು ಜಗಳ ಮಾಡುತ್ತಾರೆ ಅಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮೆಸೇಜ್ ಬಂತು. ಕೌಂಟಿ ಪೇಟೆಯ ಫ್ಲಾಟಿನ ಸಾಲದ ಪತ್ರದಲ್ಲಿ ಬ್ಯಾಂಕಿನವರು ನನ್ನ ಸಹಿಯನ್ನೂ ಹಾಕಿಸಿಕೊಂಡಿದ್ದಾರೆ, ಕಂತು ನನ್ನ ಸಂಬಳದಿಂದಲೇ ಹೋಗುತ್ತದೆ, ಆದರೆ ಮನೆ ಪತ್ರದಲ್ಲಿ ಅವನ ಹೆಸರು ಮಾತ್ರ ಇದೆ. ಹೆಸರು ಸೇರಿಸು ಅಂದರೆ ಮಾವ ಒಪ್ಪುತ್ತಿಲ್ಲ. ನಿಮ್ಮ ದೇಶದಲ್ಲಿ ಇದಕ್ಕೆ ಏನು ಮಾಡುತ್ತೀರಿ?